ಅಕ್ಕನನ್ನು ಬೈಂದೂರಿಗೆ ಮುಟ್ಟಿಸಿದ್ದು

"ಗಂಟ್ ಇಲ್ದೆ ನಾನ್ ದೋಣಿಗೆ ಕಾಲ್ ಇಡುದಿಲ್ಲ" ಎಂದು ಅಮ್ಮ ಹಂಗಾರಕಟ್ಟೆಯ ಧಕ್ಕೆಯಲ್ಲಿ, ದೋಣಿ ನಿಲ್ಲುವ ದಂಡೆಯಲ್ಲಿ, ನಿಂತುಬಿಟ್ಟಳು.

ಬಲಗಾಲು ಎತ್ತಿಯಾಗಿತ್ತು. ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದು ಮರಳಿನ ಮೇಲೆ ಇಟ್ಟಳು. ಅಕ್ಕ ಮಗುವನ್ನು ಎತ್ತಿಕೊಂಡು ಆಗಲೇ ಮಚ್ವೆಯೊಳಗೆ ಕೂತಿದ್ದಳು. ಮಚ್ವೆ ಎಂದರೆ ಸಾಮಾನು ಸಾಗಿಸುವ ಹಾಯಿದೋಣಿ, ಇದರಲ್ಲಿ ಹಂಚು ತುಂಬಿತ್ತು. ಹಂಚಿನ ಮೇಲೆ ಒಂದು ಓಲೆ ಚಾಪೆ ಹಾಸಿ ಅವಳಿಗೆ ಜಾಗ ಮಾಡಿಕೊಟ್ಟಿದ್ದರು. ನಾನು ಸೊಂಟದವರೆಗೆ ನೀರಿನಲ್ಲಿ, ಅಮ್ಮನ ಕೈ ಹಿಡಿಯಲು ನಿಂತಿದ್ದೆ. ಮಚ್ವೆ ನಡೆಸುವ ತಾಂಡೇಲ ನೀರು ನೋಡಿದ, ಅಮ್ಮನನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ.

"ಹ್ವಾಯ್, ಎಂತ ಆಯ್ತ್ ನಿಮ್ಗೆ? ಕಡ್ಲ್ ಇಳ್ತ ಸುರು ಆಯ್ತ್ ಕಾಣಿ. ನೀರ್ ನಿಮ್ಮನ್ನ ಕಾಯ್ತಾ ಕೂಕಂತಿಲ್ಲೆ."

"ಪ್ರಸ್ಥಾನದ ಗಂಟ್ ಮಾಬುಕಳದಗೆ ಉಳ್ಕಂಡಿತ್" ಎಂದಳು ಅಮ್ಮ.

"ಗಂಟಗೆ ಎಂತ ಇತ್ತ್? ಬಂಗಾರ್ವಾ?"

"ಬಂಗಾರ ಆದ್ರೆ ಬಿಟ್ ಬತ್ತಿದ್ದೆ."

ತಾಂಡೇಲ ಕೈಯ ಹಗ್ಗ ಕೆಳಗಿಟ್ಟ. ಅವನಿಗೂ ತಾಯಿ ಇದ್ದಿರಬೇಕು. ನನ್ನ ಕಡೆ ತಿರುಗಿ, "ಓಡ್ ಮಾರಾಯ. ಕಾಯುವಷ್ಟ್ ಕಾಯ್ತೆ. ಅಡಿ ಮರ್ಳಿಗೆ ತಾಗುಕೆ ಸುರು ಆದ್ರೆ ನಾ ಹೋದೆ" ಎಂದ. ನಾನು ಒದ್ದೆ ಮುಂಡಿನಲ್ಲಿಯೇ ಓಡಿದೆ.

ಈ ಗಂಟಿನ ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹೇಳಿಬಿಡುತ್ತೇನೆ.

ನನ್ನ ಭಾವ, ಅಕ್ಕನ ಗಂಡ, ಬೊಂಬಾಯಿಯ ಒಂದು ಹೋಟೆಲಿನಲ್ಲಿ ಅಡುಗೆಯವನು. ಮನೆ ಬೈಂದೂರು. ನಮ್ಮದು ಬ್ರಹ್ಮಾವರದ ಪಡುಬದಿ, ಹೊಳೆಯ ದಂಡೆ. ಅಕ್ಕ ಹೆರಿಗೆಗೆ ನಮ್ಮ ಮನೆಗೆ ಬಂದಿದ್ದಳು. ಭಾವ ಬೊಂಬಾಯಿಗೆ ಹೋದ ಮೇಲೆ ಮಗು ಹುಟ್ಟಿತು, ಗಂಡು. ಅದು ಮಗುಚಿ, ಅಂಬೆಗಾಲಿಟ್ಟು, ಈಗ ಗೋಡೆ ಹಿಡಿದು ನಿಲ್ಲುವಷ್ಟಾಗಿತ್ತು. ಅಪ್ಪ ಅನ್ನುವವನು ಅದರ ಮುಖ ನೋಡಿರಲಿಲ್ಲ. ಯುದ್ಧದ ಕಾಲ. ಬೊಂಬಾಯಿಗೆ ಬಾಂಬು ಬೀಳುತ್ತದೆ, ಇವತ್ತು ಬೀಳುತ್ತದೆ, ನಾಳೆ ಬೀಳುತ್ತದೆ ಎಂದು ಚಾ ಅಂಗಡಿಯಲ್ಲಿ ಕೂತವರೆಲ್ಲ ಹೇಳುತ್ತಿದ್ದರು. ನಾನು ಅದನ್ನು ಮನೆಗೆ ಬಂದು ಹೇಳಿದರೆ ಅಕ್ಕ ಎದ್ದು ಒಳಗೆ ಹೋಗುತ್ತಿದ್ದಳು.

ಒಂದು ಶನಿವಾರ ದನದ ವ್ಯಾಪಾರದವನೊಬ್ಬ ನಮ್ಮ ಅಂಗಳದಲ್ಲಿ ನಿಂತು ಹೇಳಿದ. ಭಾವ ರಜೆ ಮೇಲೆ ಬಂದಿದ್ದಾನೆ. ಮನೆಯ ಮಾಡಿಗೆ ಹುಲ್ಲು ಹೊದಿಸುವ ಕೆಲಸ ಹಿಡಿದಿದ್ದಾನೆ, ಬಿಟ್ಟು ಬರಲು ಆಗುವುದಿಲ್ಲ. ಗುರುವಾರ ಬೆಳಿಗ್ಗೆ ವಾಪಸು ಹೊರಡುತ್ತಾನೆ. ಅದರೊಳಗೆ ಹೆಂಡತಿ ಮಗುವನ್ನು ಕಳಿಸಿಕೊಡಬೇಕಂತೆ. ಮತ್ತೆ ರಜೆ ಯಾವಾಗ ಎಂದು ಹೋಟೆಲಿನ ಯಜಮಾನನಿಗೇ ಗೊತ್ತಿಲ್ಲವಂತೆ.

ಇದು ಸುಲಭದ ಕೆಲಸ ಅಂತ ನಾನು ತಿಳಿದೆ. ಭಾನುವಾರ ಹೊರಟರೆ ಸೋಮವಾರ ಬೈಂದೂರು. ನಾನು ಪ್ರಯಾಣ ಮಾಡುವ ರೀತಿ ಒಂದೇ. ಬೆಳಿಗ್ಗೆ ಗಂಜಿ ಉಣ್ಣುವುದು, ಹೆಗಲಿಗೆ ಬೈರಾಸು ಹಾಕುವುದು, ನಡೆಯುವುದು. ಹೊಳೆ ಬಂದರೆ ದೋಣಿ, ಬಸ್ಸು ಸಿಕ್ಕಿದರೆ ಬಸ್ಸು, ಸಿಗದಿದ್ದರೆ ಕಾಲು. ದಾರಿಯ ಬಗ್ಗೆ ಮುಂಚೆ ಯೋಚನೆ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ನಾನು ಎರಡನೇ ಕ್ಲಾಸಿಗೇ ಶಾಲೆ ಬಿಟ್ಟದ್ದೂ ಹೀಗೇ. ಮಾಸ್ತರರು ಒಂದು ವಿಷಯಕ್ಕೆ ಹತ್ತು ಮಾತು ಹೇಳುತ್ತಿದ್ದರು.

ಆದರೆ ಪ್ರಯಾಣ ಮೂರು ಜನರದ್ದು. ಮಗುವನ್ನೂ ಸೇರಿಸಿದರೆ ನಾಲ್ಕು.

ಅಮ್ಮ ಭಟ್ಟರ ಹತ್ತಿರ ಹೋಗಿ ಬಂದಳು. ಭಾನುವಾರ ಎಳೆ ಮಗುವನ್ನು ಹೊರಡಿಸುವ ನಕ್ಷತ್ರ ಅಲ್ಲ. ಸೋಮವಾರ ಅಮಾವಾಸ್ಯೆ, ಆ ಮಾತೇ ಬೇಡ. ಮಂಗಳವಾರ ಬುಧವಾರ ಉತ್ತರಕ್ಕೆ ಶೂಲೆ, ಎಂದರೆ ಆ ದಿಕ್ಕಿಗೆ ಹೊರಟವರಿಗೆ ಒಳ್ಳೆಯದಲ್ಲ. ಬೈಂದೂರು ನಮಗೆ ಸರಿಯಾಗಿ ಉತ್ತರಕ್ಕೇ ಇದೆ.

"ಹಾಂಗಾರೆ ಬೈಂದೂರನ್ನೇ ಆಚಿ ಬದಿಗೆ ಸರ್ಸುಕೆ ಹೇಳ್ ಭಟ್ರಿಗೆ" ಎಂದೆ ನಾನು.

"ಬಾಯ್ ಮುಚ್. ಉಪಾಯ ಇತ್ತ್" ಎಂದಳು ಅಮ್ಮ.

ಆ ಉಪಾಯವೇ ಪ್ರಸ್ಥಾನ. ಹೊರಡುವ ದಿನ ಸರಿ ಇಲ್ಲದಿದ್ದರೆ, ಮೊದಲೇ ಒಂದು ಒಳ್ಳೆಯ ಗಳಿಗೆಯಲ್ಲಿ ಹೊರಡುವವರ ಬಟ್ಟೆಯೊಂದನ್ನು ಗಂಟು ಕಟ್ಟಿ ಹೋಗುವ ದಿಕ್ಕಿನಲ್ಲಿ ಯಾರದಾದರೂ ಮನೆಯಲ್ಲಿ ಇಟ್ಟು ಬರುವುದು. ಗಂಟು ಹೊರಟರೆ ನಾವು ಹೊರಟ ಹಾಗೆ. ಆಮೇಲೆ ಯಾವ ದಿನ ಹೋದರೂ ತೊಂದರೆ ಇಲ್ಲ. ಹೋಗುವಾಗ ಆ ಗಂಟನ್ನು ಎತ್ತಿಕೊಂಡೇ ಹೋಗಬೇಕು. ಬಿಟ್ಟು ಹೋದರೆ, ಮನೆಗೆ ವಾಪಸು ತಂದರೆ, ಎರಡೂ ಕೆಟ್ಟದ್ದು. ಅಮ್ಮ ಇದನ್ನು ನನಗೆ ಹೇಳುವಾಗ ಅಕ್ಕಿ ಅಳೆಯುವಷ್ಟೇ ಸಲೀಸಾಗಿ ಹೇಳಿದಳು. ಅವಳ ತಾಯಿಯೂ ಹಾಗೇ ಮಾಡುತ್ತಿದ್ದಳು.

ಭಾನುವಾರ ಸಂಜೆ ಒಂದು ಗಳಿಗೆ ಒಳ್ಳೆಯದಿತ್ತು. ಪ್ರಯಾಣಕ್ಕೆ ಆಗದ ಭಾನುವಾರ ಗಂಟಿಗೆ ಹೇಗೆ ಆಗುತ್ತದೆ ಎಂದು ನಾನು ಕೇಳಲಿಲ್ಲ. ಅಕ್ಕನ ಒಂದು ರವಿಕೆ, ಮಗುವಿನ ಒಂದು ಅಂಗಿ, ಒಂದು ಮುಷ್ಟಿ ಅಕ್ಕಿ, ಎಲೆ ಅಡಿಕೆ. ಹಳೆ ಸೀರೆಯ ತುಂಡಿನಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟಳು. ನಾನು ದೋಣಿಯಲ್ಲಿ ಮಾಬುಕಳದ ಕಡವು ದಾಟಿ, ಆಚೆ ದಂಡೆಯ ಚಾ ಅಂಗಡಿಯವನ ಮನೆಯಲ್ಲಿ ಇಟ್ಟು ಬಂದೆ. ಬಸ್ಸು ಹತ್ತುವುದು ಅಲ್ಲಿಯೇ. ಹತ್ತುವಾಗ ಎತ್ತಿಕೊಂಡರಾಯಿತು.

ಸೋಮವಾರ ಅಕ್ಕ ಬಾಯಿ ಬಿಟ್ಟಳು.

"ನಾ ಬಸ್ಸಗೆ ಬತ್ತಿಲ್ಲೆ."

ಆಗ ಪೆಟ್ರೋಲು ಎಲ್ಲ ಯುದ್ಧಕ್ಕೆ ಹೋಗುತ್ತಿತ್ತು. ನಮ್ಮ ಕಡೆಯ ಬಸ್ಸುಗಳು ಇದ್ದಿಲಿನ ಮೇಲೆ ಓಡುತ್ತಿದ್ದವು. ಹಿಂದೆ ಒಂದು ದೊಡ್ಡ ಡಬ್ಬಿ, ಅದರೊಳಗೆ ಇದ್ದಿಲು, ಒಬ್ಬ ಹಿಡಿ ತಿರುಗಿಸುತ್ತ ಗಾಳಿ ಹಾಕಬೇಕು. ಹೊಗೆ ಹೊರಗೂ ಒಳಗೂ ಸಮ. ಅಕ್ಕ ಬಸುರಿಯಾಗಿ ಬೈಂದೂರಿನಿಂದ ಬಂದದ್ದು ಅದೇ ಬಸ್ಸಿನಲ್ಲಿ. ತಲ್ಲೂರಿನವರು ಯಾರೋ ನನ್ನ ತಲೆಯನ್ನು ಮಡಿಲಿನಲ್ಲಿ ಇಟ್ಟುಕೊಳ್ಳದಿದ್ದರೆ ಸತ್ತೇ ಹೋಗುತ್ತಿದ್ದೆ ಎಂದು ಇಡೀ ವರ್ಷ ಹೇಳಿದ್ದಳು.

"ನಂಗೆ ಕಕ್ಕುದ್ ಅಭ್ಯಾಸ ಆಯ್ತ್. ಇದಕ್ಕೆ ಎಂತ ಮಾಡುದ್?" ಎಂದು ಮಗುವನ್ನು ತೋರಿಸಿದಳು. "ಈ ಹೊಗೆಯಗೆ ಕೂರ್ಸಿ ಕರ್ಕಂಡ್ ಹೋದ್ರೆ ಅವ್ರಿಗೆ ಎಂತ ತೋರ್ಸುದ್? ಕೆಮ್ಮುದ್ ತೋರ್ಸುದಾ?"

ಅದು ಸರಿ ಎಂದು ನನಗೂ ಕಂಡಿತು. ಪಕ್ಕದ ಮನೆಯವನಿಗೆ ಸಣ್ಣ ದೋಣಿ ಇತ್ತು. ಅವನು ಹೇಳಿದ, ಮಂಗಳವಾರ ಹಂಗಾರಕಟ್ಟೆಯಿಂದ ಹಂಚಿನ ಮಚ್ವೆಯೊಂದು ಗಂಗೊಳ್ಳಿಗೆ ಹೋಗುತ್ತದೆ, ತಾಂಡೇಲ ಪರಿಚಯದವನು. ಗಾಳಿ ಒಳ್ಳೆಯದಿದ್ದರೆ ಮಧ್ಯಾಹ್ನಕ್ಕೆ ಗಂಗೊಳ್ಳಿ. ಅಲ್ಲಿಂದ ಬೈಂದೂರು ಏನು ದೂರ? ಅಮ್ಮನಿಗೆ ಸಮುದ್ರ ಹೆದರಿಕೆ. ಆದರೂ ಒಪ್ಪಿದಳು, ಮಗುವಿಗೋಸ್ಕರ ಎಂದ ಮೇಲೆ ಇನ್ನೇನು. ಬೆಳಿಗ್ಗೆ ಮನೆಯ ಹಿಂದಿನಿಂದಲೇ ಸಣ್ಣ ದೋಣಿ ಹತ್ತಿ ಹೊಳೆಯಲ್ಲಿ ಕೆಳಕ್ಕೆ ಸಾಗಿ ಸೀದ ಹಂಗಾರಕಟ್ಟೆಗೆ ಬಂದೆವು. ಮಾಬುಕಳ ನಮ್ಮ ಬೆನ್ನಿಗೆ ಉಳಿಯಿತು. ದಾರಿ ಬದಲಾಯಿತು, ಗಂಟು ಅಲ್ಲೇ ಇದೆ ಅನ್ನುವುದು ಯಾರ ತಲೆಗೂ ಹೋಗಲಿಲ್ಲ. ಬಲಗಾಲು ಎತ್ತಿದಾಗ ಅಮ್ಮನಿಗೆ ನೆನಪಾಯಿತು.

ಓಡುತ್ತ ಹೋದೆ ಎಂದೆನಲ್ಲ. ಸ್ವಲ್ಪ ಓಡಿದೆ, ಸ್ವಲ್ಪ ನಡೆದೆ. ಬಿಸಿಲು ಏರಿತ್ತು, ಮುಂಡು ಮೈಮೇಲೆಯೇ ಒಣಗಿ ಉಪ್ಪಿಗೆ ತೊಡೆ ಉಜ್ಜಿ ಕೆಂಪಾಗಿತ್ತು. ಮಾಬುಕಳದಲ್ಲಿ ಚಾ ಅಂಗಡಿಯವನು ಗ್ಲಾಸು ತೊಳೆಯುತ್ತ ನಿಂತಿದ್ದ. ನನ್ನನ್ನು ಕಂಡು ಅವನಿಗೆ ಆಶ್ಚರ್ಯ.

"ಅರೆ! ನೀನ್ ಹೋಯ್ಲಿಲ್ಯಾ?"

"ಗಂಟ್ ಕೊಡಿ ಮಾರಾಯ್ರೆ, ಬೇಗ."

"ಗಂಟ್ ಹೋಯ್ತಲ್ಲ."

"ಎಲ್ಲಿಗ್ ಹೋಯ್ತ್?"

"ಬೈಂದೂರಿಗೆ. ಮತ್ತೆಲ್ಲಿಗ್ ಹೋಪುದ್ ಅದ್?" ಎಂದು ಕೈ ಒರೆಸಿಕೊಂಡು ನಿಧಾನವಾಗಿ ಹೇಳಿದ. ಬೆಳಗಿನ ಬಸ್ಸಿಗೆ ನಾವು ಬರುತ್ತೇವೆ ಎಂದು ಕಾದನಂತೆ. ಬರಲಿಲ್ಲ. ದೋಣಿಯಲ್ಲಿ ಹೋದರು ಎಂದು ಕಡವಿನವನು ಯಾರೋ ಹೇಳಿದನಂತೆ. "ಪ್ರಸ್ಥಾನ ಒಂದ್ ಸಲ ಹೊರ್ಟ್ ಮೇಲೆ ನನ್ ಮನೆಯಗೆ ಉಳಿಸ್ಕಂಡ್ ಕೂಕಂಬುದಾ? ಹೆಂಗ್ಸ್ ಮಕ್ಳದ್ ಗಂಟ್. ವಾಪಸ್ ಕಳ್ಸುಕಾತಾ? ಆತಿಲ್ಲೆ. ಅದ್ಕೆ ಕಂಡಕ್ಟರನ ಕೈಯಗೆ ಕೊಟ್ಟೆ. ಕುಂದಾಪ್ರದಗೆ ಆಚಿ ಬದಿ ಬಸ್ಸಿನವ್ನಿಗ್ ಕೊಡ್ತ, ಅವ ನಿನ್ ಭಾವನ ಮನೆಗ್ ಮುಟ್ಟಿಸ್ತ. ಚಾ ಕುಡಿತ್ಯಾ?"

ನಾನು ಅವನಿಗೆ ಬೈಯಬೇಕಿತ್ತು. ಏನಂತ ಬೈಯುವುದು? ಒಳ್ಳೆಯದನ್ನೇ ಮಾಡಿದ್ದ. ಚಾ ಕುಡಿದು ಬರಿಗೈಯಲ್ಲಿ ವಾಪಸು ನಡೆದೆ.

ಹಂಗಾರಕಟ್ಟೆಯಲ್ಲಿ ಮಚ್ವೆ ಇರಲಿಲ್ಲ. ಅಕ್ಕ ಧಕ್ಕೆಯ ಮೇಲೆ, ಕಟ್ಟುತ್ತಿದ್ದ ಒಂದು ದೋಣಿಯ ನೆರಳಿನಲ್ಲಿ, ಮಗುವಿಗೆ ಹಾಲು ಕೊಡುತ್ತ ಕೂತಿದ್ದಳು. ದೂರದಲ್ಲಿ, ಅಳಿವೆಯ ಆಚೆ, ಹಾಯಿ ಒಂದು ಉಗುರಿನಷ್ಟು ಕಾಣುತ್ತಿತ್ತು. ಅದು ನಮ್ಮದೇ ಇರಬೇಕು. ನಾನು ಗಂಟಿನ ಕತೆ ಹೇಳಿದೆ. ಅಮ್ಮನ ಮುಖ ಅರಳಿತು.

"ಅಬ್ಬ, ಮುಂದೆ ಹೋಯ್ತಲ್ಲ. ಅದ್ ಸಾಕ್. ಒಳ್ಳೆ ಮನ್ಷ."

"ಗಂಟ್ ಮುಟ್ತ್. ನಾವ್?" ಎಂದಳು ಅಕ್ಕ.

ಅಮ್ಮ ಎದ್ದು ಸೀರೆ ಕೊಡವಿಕೊಂಡಳು.

ಕಡೆಗೆ ಹತ್ತಿದ್ದು ಬಸ್ಸನ್ನೇ. ಮತ್ತೆ ಮಾಬುಕಳಕ್ಕೆ ನಡೆದೆವು, ಮೂರನೆಯ ಸಲ ನಾನು ಆ ದಾರಿ ಕಂಡದ್ದು. ಮಧ್ಯಾಹ್ನದ ಬಸ್ಸು ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಅಕ್ಕ ಮಗುವಿನ ಮೂಗಿಗೆ ಸೆರಗು ಅಡ್ಡ ಹಿಡಿದು ಮುಂದಿನ ಸೀಟಿನಲ್ಲಿ ಕೂತಳು. ಸಾಲಿಗ್ರಾಮ ದಾಟುವ ಮೊದಲು ಒಂದು ಸಲ ವಾಂತಿ, ಕೋಟದಲ್ಲಿ ಒಂದು ಸಲ. ಪ್ರತಿ ಸಲ ಬಾಯಿ ಒರೆಸಿಕೊಂಡು ಮತ್ತೆ ನೆಟ್ಟಗೆ ಕೂರುತ್ತಿದ್ದಳು. ಮಗು ಮಾತ್ರ ಗಡದ್ದಾಗಿ ನಿದ್ದೆ ಹೊಡೆಯಿತು. ಹೊಗೆ ಅದಕ್ಕೆ ಒಗ್ಗಿತು. ಅಷ್ಟು ಯೋಚನೆ ಮಾಡಿದ್ದು ಅದಕ್ಕೋಸ್ಕರ, ಅದಕ್ಕೆ ಏನೂ ಆಗಲಿಲ್ಲ. ತೆಕ್ಕಟ್ಟೆಯ ಹತ್ತಿರ ಬಸ್ಸು ನಿಂತಿತು. ಗಂಡಸರೆಲ್ಲ ಇಳಿದು ತಳ್ಳಿದೆವು. ಡ್ರೈವರ್ ಮೇಲೆ ಕೂತು, "ತಳ್ಳಿ, ತಳ್ಳಿ, ಕುಂದಾಪ್ರ ಇಲ್ಲೇ ಇತ್ತ್" ಎನ್ನುತ್ತಿದ್ದ.

"ಇಲ್ಲೇ ಇದ್ರೆ ನಾವ್ ನಡ್ಕಂಡೇ ಹೋತಿತ್ತ್, ಬಸ್ಸನ್ನ ಎಂತಕ್ಕೆ ಹೊತ್ಕಂಡ್ ಹೋಪುದ್?" ಎಂದ ಒಬ್ಬ ಮುದುಕ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಕುಂದಾಪುರದಲ್ಲಿ ಕತ್ತಲಾಯಿತು. ಗಂಗೊಳ್ಳಿ ಕಡವಿನ ದೋಣಿ ಆ ದಿನಕ್ಕೆ ಆಗಲೇ ನಿಂತುಹೋಗಿತ್ತು. ನಾನೊಬ್ಬನೇ ಆಗಿದ್ದರೆ ಕಡವಿನ ಕಟ್ಟೆಯಲ್ಲಿಯೇ ಮಲಗುತ್ತಿದ್ದೆ. ಇಲ್ಲಿ ಅದು ಆಗುವುದಿಲ್ಲ. ನಮ್ಮೂರಿನಿಂದ ಮದುವೆಯಾಗಿ ಬಂದ ಹೆಂಗಸೊಬ್ಬಳ ಮನೆ ಹುಡುಕಿ ಜಗಲಿಯಲ್ಲಿ ಜಾಗ ಕೇಳಿದೆವು. ಅಮ್ಮ ಹೋಟೆಲಿನದ್ದು ತಿನ್ನುವುದಿಲ್ಲ. ಬೇರೆಯವರ ಮನೆಯ ಅಕ್ಕಿ ಉಣ್ಣಲೂ ನಾಚಿಕೆ, ಅಕ್ಕಿ ಸಿಗದ ಕಾಲ. ತಂದಿದ್ದ ಅವಲಕ್ಕಿಗೆ ನೀರು ಹಾಕಿ ತಿಂದಳು. ನನಗೂ ಅದನ್ನೇ ಕೊಟ್ಟಳು. ಅಕ್ಕ ತಿನ್ನಲಿಲ್ಲ.

ಬುಧವಾರ ಗಂಗೊಳ್ಳಿಗೆ ದಾಟಿದೆವು. ಬೈಂದೂರಿಗೆ ಹೋಗುವ ಬಸ್ಸು ನಿಂತಿತ್ತು, ಇದ್ದಿಲು ಇರಲಿಲ್ಲ. ಇದ್ದಿಲು ಬಂತು, ಡ್ರೈವರ್ ಊಟಕ್ಕೆ ಹೋಗಿದ್ದ. ಡ್ರೈವರ್ ಬಂದ, ಜನ ಸಾಲದು ಎಂದ. ಅಮ್ಮ ನೆರಳು ಹುಡುಕಿ ಕೂತು ಎಲೆ ಹಾಕಿಕೊಂಡಳು. ನಡೆದುಬಿಡೋಣ ಎಂದು ನಾನು ಎರಡು ಸಲ ಹೇಳಿದೆ.

"ನೀ ನಡಿತೆ, ಸರಿ. ನಂಗೆ ಮಂಡಿನೋವ್. ಇವ್ಳಿಗೆ ಎಳೆ ಮಗು. ನಿನ್ ಲೆಕ್ಕದಗೆ ಎಲ್ರೂ ಎತ್ತಾ?" ಎಂದಳು ಅಮ್ಮ.

ಅದೂ ಸರಿಯೇ. ಆ ಎರಡು ದಿನ ಎಲ್ಲರೂ ಸರಿಯಾದ ಮಾತನ್ನೇ ಹೇಳಿದ್ದು. ಅಮ್ಮನ ದಿನ ಸರಿ, ಅಕ್ಕನ ಹೊಗೆ ಸರಿ, ತಾಂಡೇಲನ ನೀರು ಸರಿ, ಚಾ ಅಂಗಡಿಯವನೂ ಸರಿ. ನಾವು ಮಾತ್ರ ಗಂಗೊಳ್ಳಿಯಲ್ಲಿಯೇ ಇದ್ದೆವು.

ಸಂಜೆಯ ಹೊತ್ತಿಗೆ ಬಸ್ಸು ಹೊರಟಿತು. ತ್ರಾಸಿ ದಾಟಿ ಮರವಂತೆಗೆ ಬಂದಿತು. ಅಲ್ಲಿ ಒಂದು ಬದಿಗೆ ಹೊಳೆ, ಒಂದು ಬದಿಗೆ ಕಡಲು, ನಡುವೆ ರಸ್ತೆ. ಅಲ್ಲಿಯೇ ಕೆಟ್ಟಿತು. ತಳ್ಳಿದರೂ ಹೋಗಲಿಲ್ಲ. ಹಿಂದಿನ ಡಬ್ಬಿಯೇ ಒಡೆದಿತ್ತು. ಕಂಡಕ್ಟರ್ ಎಲ್ಲರಿಗೂ, "ಬೆಳ್ಗೆ ಬೇರೆ ಬಸ್ ಬತ್ತ್" ಎಂದು ಹೇಳಿ ತಾನು ಯಾರದೋ ಸೈಕಲ್ಲಿನ ಹಿಂದೆ ಕೂತು ಹೋದ.

ಆಗ ಅಮ್ಮ ಕೇಳಿದಳು, ಎಲ್ಲಿ ಮಲಗುವುದು, ಯಾರ ಮನೆ ಆಗಬಹುದು, ಆ ಮನೆಯವರು ಯಾವ ಜನ ಎಂದು. ಅಕ್ಕ ಮಗುವನ್ನು ನನ್ನ ಕೈಗೆ ಕೊಟ್ಟಳು.

"ಎಲ್ರ ಮನಸ್ ಕಂಡ್ ಹೊರ್ಟದ್ದ್ ಸಾಕ್. ನಿಂಗೆ ದಿನ ಬೇಕ್, ನಂಗೆ ದೋಣಿ ಬೇಕ್, ಇವ್ನಿಗೆ ಕಾಲ್ ಬೇಕ್. ಬೆಳ್ಗಾದ್ರೆ ಅವ್ರ್ ಹೋತ್ರ್. ಅದ್ನ ಯಾರ್ ಕಂಡ್ರಿ?"

ದೊಡ್ಡ ಮಾತು ಆಡುವವಳಲ್ಲ ಅವಳು. ಅಮ್ಮ ಎಲೆಯ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. ರಸ್ತೆ ಬದಿಯ ಒಂದು ಮನೆಯವರು ಕರೆದರು, ಹೋದೆವು. ಯಾವ ಜನ ಎಂದು ಯಾರೂ ಕೇಳಲಿಲ್ಲ.

ಬೆಳಗಾಗುವ ಮೊದಲೇ ಒಣಮೀನಿನ ಗಾಡಿಯೊಂದು ಉತ್ತರಕ್ಕೆ ಹೊರಟಿತ್ತು. ಅಕ್ಕನೇ ಹೋಗಿ ನಿಲ್ಲಿಸಿದಳು. ಅಮ್ಮ, ಅಕ್ಕ, ಮಗು ಮೀನಿನ ಚೀಲಗಳ ಮೇಲೆ ಕೂತರು, ನಾನು ಹಿಂದೆ ನಡೆದೆ. ಹೊಗೆಯಾದರೂ ಬೇಕು, ಆ ವಾಸನೆ ಬೇಡ. ಅಕ್ಕನಿಗೆ ವಾಂತಿ ಬರಲಿಲ್ಲ. ಅಮ್ಮ ಒಂದೇ ಮಾತು ಹೇಳಿದಳು, "ಇವತ್ತ್ ಗುರ್ವಾರ. ಬಡಗ ದಿಕ್ಕಿಗೆ ದಿನ ಒಳ್ಳೇದಿತ್ತ್." ಎತ್ತು ಅದರ ಮನಸ್ಸಿಗೆ ಬಂದ ಹಾಗೆ ನಡೆಯಿತು. ಗಾಡಿಯವನು ಹೊಡೆಯಲೂ ಇಲ್ಲ. ಅವನಿಗೆ ಅವಸರ ಇರಲಿಲ್ಲ.

ಬೈಂದೂರಿನಲ್ಲಿ ಭಾವನ ಮನೆಯ ಅಂಗಳಕ್ಕೆ ಕಾಲಿಡುವಾಗ ಬಿಸಿಲು ಬಂದಾಗಿತ್ತು. ಮಾಡಿನ ಮೇಲೆ ಹೊಸ ಹುಲ್ಲು. ಜಗಲಿಯಲ್ಲಿ ಅಕ್ಕನ ಅತ್ತೆ ಕೂತಿದ್ದರು. ಅವರ ಪಕ್ಕದಲ್ಲಿ ನಮ್ಮ ಗಂಟು.

"ಗಂಟ್ ಮೊನ್ನೆ ರಾತ್ರಿಗೇ ಬಂತ್. ಜನ ಎಲ್ಲ್ ಹೋದ್ರಿ?" ಎಂದರು ಅತ್ತೆ. ಎದ್ದು ಮಗುವನ್ನು ಎತ್ತಿಕೊಂಡರು. "ನಿನ್ನೆ ಇಡೀ ದಿನ ಅವ ರಸ್ತೆ ಬದಿಯಗೇ ನಿಂತಿದ್ದ. ಗಂಟ್ ಬಂತಲ್ಲ, ಹೆಂಡ್ತಿ ಹಿಂದೆಯೇ ಬತ್ತ್ ಅಂದ. ಉಣ್ಣುಕೂ ಒಳಗ್ ಬರ್ಲಿಲ್ಲ. ಈಗಷ್ಟೆ ಹೊರ್ಟ. ಪೆಟ್ಟಿಗೆ ತಲೆ ಮೇಲೆ ಇಟ್ಕಂಡ್ ಶಿರೂರಿಗ್ ನಡ್ದ. ನಿಮ್ಗೆ ದಾರಿಯಗೆ ಸಿಕ್ಲಿಲ್ಯಾ?"

ನಾವು ತೆಂಕಿನಿಂದ ಬಂದವರು, ಅವನು ಬಡಗಕ್ಕೆ ಹೋದವನು. ಹೇಗೆ ಸಿಗುವುದು?

ಶಿರೂರು ಎಂದರೆ ನಮ್ಮ ಜಿಲ್ಲೆಯ ಕೊನೆ. ಆಚೆಗೆ ಬೊಂಬಾಯಿ ಸರ್ಕಾರ. ಗಡಿಯಲ್ಲಿ ಇಳಿದು ಆಚೆಯ ಬಸ್ಸು ಹಿಡಿದರೆ ಭಟ್ಕಳ, ಅಲ್ಲಿಂದ ಹುಬ್ಬಳ್ಳಿ, ಹುಬ್ಬಳ್ಳಿಯಲ್ಲಿ ರೈಲು. ಆಚೆಯ ಬಸ್ಸು ತುಂಬಿದ ಮೇಲೆಯೇ ಬಿಡುವುದು. ಗಡಿಯಲ್ಲಿ ಅಕ್ಕಿ ಸಾಗಿಸುತ್ತಾರೋ ಎಂದು ಎಲ್ಲರ ಗಂಟು ಪೆಟ್ಟಿಗೆ ಬಿಚ್ಚಿಸಿ ನೋಡುತ್ತಾರೆ, ಹೊತ್ತು ಹಿಡಿಯುತ್ತದೆ. ಇದು ನನಗೆ ಗೊತ್ತಿತ್ತು. ಅಕ್ಕನಿಗೂ ಗೊತ್ತಿತ್ತು.

ಅಕ್ಕ ಜಗಲಿ ಹತ್ತಲೇ ಇಲ್ಲ. ಅತ್ತೆಯ ಕೈಯಿಂದ ಮಗುವನ್ನು ತೆಗೆದುಕೊಂಡಳು.

"ನೀರಾದ್ರೂ ಕುಡಿ ಹೆಣ್ಣೆ" ಎಂದರು ಅತ್ತೆ.

"ಬಂದ್ ಕುಡಿತೆ."

"ಎಲ್ಲಿಗೆ? ಆ ಬಿಸ್ಲಗೆ? ಮಗು..." ಎಂದು ಅಮ್ಮ ಏಳಲು ಹೋದಳು. ಮಂಡಿ ಹಿಡಿದುಕೊಂಡು ಅಲ್ಲಿಯೇ ಕೂತಳು. ನನ್ನ ಮುಖ ನೋಡಿದಳು, ಕೈಯಲ್ಲಿ ಹೋಗು ಎಂದು ತೋರಿಸಿದಳು.

ನಾನು ಅಕ್ಕನ ಹಿಂದೆ ನಡೆದೆ. ಸ್ವಲ್ಪ ಹೊತ್ತಿಗೆ ಮಗುವನ್ನು ನಾನು ಎತ್ತಿಕೊಂಡೆ. ಅವಳು ಮುಂದೆ. ಅಕ್ಕ ಅಷ್ಟು ಬೇಗ ನಡೆಯಬಲ್ಲಳು ಎಂದು ನನಗೆ ಗೊತ್ತಿರಲಿಲ್ಲ. ನಡೆಯುವುದೇ ನನ್ನ ರೀತಿ ಎಂದೆನಲ್ಲ, ಆ ದಿನ ನನಗೆ ಸಾಕಾಗಿತ್ತು. ಕಾಲಿನ ಹಿಮ್ಮಡಿ ಒಡೆದಿತ್ತು, ಮಗು ನನ್ನ ಹೆಗಲ ಮೇಲೆ ಉಚ್ಚೆ ಹೊಯ್ದಿತ್ತು, ಹೊಟ್ಟೆಯಲ್ಲಿ ಏನೂ ಇರಲಿಲ್ಲ. ನಿಧಾನ ಎಂದೆ. ಅವಳು ತಿರುಗಿಯೂ ನೋಡಲಿಲ್ಲ. ದಾರಿಯಲ್ಲಿ ಎದುರಿಗೆ ಬಂದವರನ್ನೆಲ್ಲ ಕೇಳಿದಳು, ಪೆಟ್ಟಿಗೆ ಹೊತ್ತವರೊಬ್ಬರು ಹೋದರಾ, ಬಸ್ಸು ಹೋಯಿತಾ. ಒಬ್ಬ ಹೋಯಿತು ಎಂದ, ಒಬ್ಬ ಇಲ್ಲ ಎಂದ. ಎರಡು ಮಾತಿಗೂ ಅವಳು ಒಂದೇ ಸಮ ನಡೆದಳು.

ಶಿರೂರಿನ ಗೇಟಿನಲ್ಲಿ ಜನ ಸಾಲಾಗಿ ನಿಂತಿದ್ದರು. ಪೇದೆಯೊಬ್ಬ ಯಾರದೋ ಹಾಸಿಗೆ ಬಿಚ್ಚಿಸಿ ಕೈ ಹಾಕಿ ನೋಡುತ್ತಿದ್ದ. ಆಚೆಗೆ ಬಸ್ಸು. ಅಕ್ಕ ಗೇಟಿನ ಈಚೆ ನಿಂತು ಕೂಗಿದಳು.

"ಹ್ವಾಯ್!"

ಸಾಲಿನಲ್ಲಿದ್ದ ಗಂಡಸರೆಲ್ಲ ತಿರುಗಿದರು. ನಮ್ಮ ಕಡೆ ಹೆಂಡಂದಿರು ಗಂಡನನ್ನು ಕರೆಯುವುದು ಹಾಗೇ, ಎಲ್ಲರಿಗೂ ತಮ್ಮನ್ನೇ ಕರೆದ ಹಾಗಾಯಿತು. ಭಾವ ತಿರುಗಲಿಲ್ಲ. ಅವನು ಬಸ್ಸಿನ ಮಾಡಿನ ಮೇಲೆ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದ.

"ಯಾರನ್ನ ಕರಿತ್ರಿ ಅಕ್ಕಯ್ಯ? ನಂಗೆ ಇನ್ನೂ ಮದಿ ಆಯ್ಲಿಲ್ಲ" ಎಂದ ಸಾಲಿನಲ್ಲಿದ್ದ ಒಬ್ಬ ಪೋಕರಿ.

ನಾನು ಮಗುವನ್ನು ಎತ್ತಿ ಹಿಡಿದು ಭಾವಾ ಎಂದು ಗಂಟಲು ಹರಿಯುವಂತೆ ಕೂಗಿದೆ. ಆಗ ತಿರುಗಿದ. ಮೇಲಿನಿಂದ ಏಣಿ ಬಿಟ್ಟು ಹಾರಿದ. ಪೇದೆ ಏನೋ ಹೇಳಿದ, ಭಾವ ಕೇಳಲಿಲ್ಲ, ಗೇಟಿನ ಕೆಳಗೆ ನುಗ್ಗಿ ಈಚೆ ಬಂದ.

ಬಂದವನು ಏನು ಮಾಡಬೇಕು ಎಂದು ತಿಳಿಯದೆ ನಿಂತ. ಅಕ್ಕನೇ ಶುರು ಮಾಡಿದಳು.

"ಒಂದ್ ಗಳಿಗೆ ಕಾಯುಕೆ ಆಯ್ಲಿಲ್ಯಾ ನಿಮ್ಗೆ?"

"ನಿನ್ನೆ ಬೆಳ್ಗಿಂದ ಕಾದೆ ಮಾರಾಯ್ತಿ. ಗಂಟ್ ಬಂತ್, ನೀ ಬರ್ಲಿಲ್ಲೆ. ನಾ ಎಂತ ಅಂದ್ಕಂಬುದ್? ಹೊಳೆಯಗೆ ಮುಳ್ಗಿ ಹೋದ್ರಾ ಅಂದ್ಕಂಡೆ."

"ಹೋಯ್ಲಿಲ್ಲ ಕಾಣಿ."

"ಕಂಡೆ."

ನಾನು ಮಗುವನ್ನು ಅವನ ಕೈಗೆ ಕೊಟ್ಟೆ. ಅದು ಅವನ ಮೀಸೆ ಕಂಡು ಕಿರುಚಿತು. ಕಾಲು ಒದ್ದು ನನ್ನ ಕಡೆಗೆ ಕೈ ಚಾಚಿತು. ಭಾವ ಅದನ್ನು ಬಿಡಲಿಲ್ಲ. ಒಂದು ಕೈಯಲ್ಲಿ ಅದರ ಬೆನ್ನು, ಒಂದು ಕೈಯಲ್ಲಿ ತಲೆ, ಒಲೆಯಿಂದ ಬಿಸಿ ಅನ್ನದ ಕೊಳಗ ಇಳಿಸುವವನ ಹಾಗೆ ಹಿಡಿದುಕೊಂಡಿದ್ದ. "ಅಳ್ಲಿ, ಅಳ್ಲಿ. ಗಂಟ್ಲ್ ಒಳ್ಳೇದಿತ್ತ್" ಎಂದ. ಅವನ ಬೆರಳುಗಳೆಲ್ಲ ಎಣ್ಣೆ ಸಿಡಿದು ಸುಟ್ಟ ಕಲೆ. ಅಕ್ಕ ಅದನ್ನೇ ನೋಡುತ್ತಿದ್ದಳು.

ನಾನು ಪಕ್ಕಕ್ಕೆ ಹೋಗಿ ಗೇಟಿನ ಕಲ್ಲಿನ ಮೇಲೆ ಕೂತೆ. ಪೇದೆಗೆ, ಇವರು ಬೊಂಬಾಯಿಗೆ ಹೋಗುವವರು, ಮಗುವನ್ನು ಮೊದಲ ಸಲ ಈಗ ನೋಡುತ್ತಿದ್ದಾರೆ, ಸ್ವಲ್ಪ ಬಿಡಿ ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಮುಂದಿನವನ ಚೀಲವನ್ನು ಮೊದಲಿಗಿಂತ ನಿಧಾನವಾಗಿ ಬಿಚ್ಚಿಸಿದ. ಬೇಕೆಂದೇ ಮಾಡಿದನೋ, ಅವನು ಇರುವುದೇ ಹಾಗೋ, ಹೇಳಲಾರೆ.

ಡ್ರೈವರ್ ಹಾರ್ನ್ ಹೊಡೆದ. ಮತ್ತೆ ಹೊಡೆದ. ಬಸ್ಸಿನಿಂದ ಒಬ್ಬಳು ಮುದುಕಿ, "ಇರ್ಲಿ ಬಿಡಾ, ನಿನ್ ಭಟ್ಕಳ ಎಲ್ಲಿಗೂ ಓಡ್ತಿಲ್ಲೆ" ಎಂದು ಡ್ರೈವರನಿಗೆ ಬೈದದ್ದು ಕೇಳಿಸಿತು.

ಭಾವ ಮಗುವನ್ನು ಅಕ್ಕನಿಗೆ ಕೊಟ್ಟ. ಅದು ಅಳು ನಿಲ್ಲಿಸಿ ಅವನನ್ನೇ ನೋಡುತ್ತಿತ್ತು. "ಮುಂದಿನ್ ಸಲ ನಾನೇ ಬ್ರಹ್ಮಾವರಕ್ಕೆ ಬತ್ತೆ. ನೀವ್ಯಾರೂ ಹೊರ್ಡುದ್ ಬ್ಯಾಡ" ಎಂದ.

"ಬಪ್ಪುದ್ ಬ್ಯಾಡ. ಅಲ್ಲೊಂದ್ ಕೋಣೆ ಕಾಣಿ. ನಾನೇ ಬತ್ತೆ" ಎಂದಳು ಅಕ್ಕ.

"ಬೊಂಬಾಯಿಗಾ? ಬಾಂಬ್ ಬೀಳ್ತಂಬ್ರ್."

"ಬಿದ್ರೆ ಎಲ್ರ ಮೇಲೂ ಬೀಳ್ಲಿ."

ಅವನು ಬಸ್ಸು ಹತ್ತಿದ. ಬಸ್ಸು ಹೋಯಿತು. ಧೂಳು ಕೂರುವವರೆಗೆ ಅಕ್ಕ ನಿಂತಿದ್ದಳು. ಹೋಪನಾ ಎಂದು ಕೇಳಿದೆ.

"ಕೂಕೋ ಸ್ವಲ್ಪ. ಕಾಲ್ ನೋಯ್ತ್" ಎಂದಳು.

ಕೂತೆವು. ಇದಕ್ಕಿಂತ ಹೆಚ್ಚು ಹೇಳಲು ನನ್ನ ಹತ್ತಿರ ಏನೂ ಇಲ್ಲ.